ಕೌದಿಯ ಕೆಳಗಿನ ಚೀಟಿ

ನಮ್ಮ ಬಳ್ಳಾರಿಯಲ್ಲಿ ಚಿತ್ರಪ್ರದರ್ಶನದ ಉದ್ಘಾಟನೆ ಎಂದರೆ ಚಿತ್ರಗಳಿಗೆ ಬೆನ್ನು ತೋರಿಸಿ ಕೂರುವ ಕಾರ್ಯಕ್ರಮ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಸಿಟ್ಟು ಇದ್ದದ್ದು ಮೊದಲ ಮೂರ್ನಾಲ್ಕು ವರ್ಷ, ಈಗ ರೂಢಿಯಾಗಿದೆ. ಒಳ್ಳೆಯ ಗೋಡೆ ಯಾವುದೋ ಅದಕ್ಕೇ ಒತ್ತಿ ವೇದಿಕೆ ಹಾಕುತ್ತಾರೆ. ವೇದಿಕೆಯ ಮೇಲೆ ಕೂತವರ ಬೆನ್ನು ಚಿತ್ರಗಳಿಗೆ, ಕೆಳಗೆ ಕೂತವರ ಕಣ್ಣು ಬಾಗಿಲ ಹೊರಗೆ ಕರಿಯುತ್ತಿರುವ ಮಿರ್ಚಿಗೆ. ಕೊನೆಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ. ಎಣ್ಣೆಗೈ ಒರೆಸಿಕೊಳ್ಳಲು ಕಾಗದ ಸಿಗದವರು ಚಿತ್ರಗಳ ಪಟ್ಟಿ ಅಚ್ಚಾದ ಹಾಳೆಯಲ್ಲೇ ಒರೆಸಿಕೊಂಡು, 'ಭಾಳ ಚಲೋ ಆತ್ರಿ ಕಾರ್ಯಕ್ರಮ' ಎಂದು ಹೇಳಿ ಹೋಗುತ್ತಾರೆ.

ನಾನು ಕುರುಗೋಡಿನ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಮನೆ ಬಳ್ಳಾರಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಮ್ಮದೊಂದು ಪುಟ್ಟ ಗ್ಯಾಲರಿ ಕೌಲ್ ಬಜಾರಿನಲ್ಲಿದೆ. ಹಿಂದೆ ಅದು ಜೀನ್ಸ್ ಪ್ಯಾಂಟು ಹೊಲಿಯುವ ಮಾಳಿಗೆಯಾಗಿತ್ತು. ಮಶೀನುಗಳು ಹೋದವು, ನಾವು ಬಂದು ಸುಣ್ಣ ಬಳಿದೆವು. ನೆಲದ ಬಿರುಕಿನಲ್ಲಿ ಈಗಲೂ ಸೂಜಿಗಳು ಸಿಗುತ್ತವೆ. ಆಟೋದವರಿಗೆ ಗ್ಯಾಲರಿ ಎಂದರೆ ತಿಳಿಯುವುದಿಲ್ಲ, 'ಪ್ಯಾಂಟಿನ ಮಾಳಗಿ' ಎಂದರೆ ನೇರ ತಂದು ಬಿಡುತ್ತಾರೆ. ಕೆಳಗಿನ ಅಂಗಡಿಯಲ್ಲಿ ಇನ್ನೂ ಗುಂಡಿಗೆ ಕಾಜಾ ಹಾಕುವ ಮಶೀನು ಓಡುತ್ತದೆ. ಯಾರಾದರೂ ಗಂಭೀರವಾಗಿ ಮಾತನಾಡಲು ನಿಂತಾಗಲೇ ಅದಕ್ಕೆ ಕೆಲಸ ಜೋರು.

ನಮ್ಮ ಬಳಗದಲ್ಲಿ ಹನ್ನೆರಡು ಜನ ಇದ್ದೇವೆ. ಒಬ್ಬರು ಬಳ್ಳಾರಿ ಗುಡ್ಡವನ್ನು ಬಿಟ್ಟು ಬೇರೇನೂ ಬರೆಯುವುದಿಲ್ಲ. ವರ್ಷಕ್ಕೊಂದು ಬಣ್ಣ ಬದಲಾಗುತ್ತದೆ ಅಷ್ಟೆ. ಇನ್ನೊಬ್ಬರು ಕುಡತಿನಿಯ ಕರೆಂಟು ಕಾರ್ಖಾನೆಯ ಚಿಮಣಿಗಳಿಗೆ ಜೀವ ಕೊಟ್ಟವರು. ಚಿಮಣಿ, ಚಿಮಣಿಯ ಹೊಗೆ, ಹೊಗೆಯೊಳಗಿಂದ ಚಿಮಣಿ. ನಾನು ಮೆಣಸಿನಕಾಯಿ ಬರೆಯುತ್ತೇನೆ. ನಗಬೇಡಿ, ಕಣದಲ್ಲಿ ಒಣಹಾಕಿದ ಮೆಣಸಿನಕಾಯಿಯ ಕೆಂಪಿನಲ್ಲಿ ಎಷ್ಟು ಕೆಂಪುಗಳಿವೆ ಎಂಬುದು ಬರೆಯಲು ಕೂತವರಿಗೇ ಗೊತ್ತು. ನಮ್ಮ ಅಧ್ಯಕ್ಷರು ಚಿತ್ರ ಬರೆಯುವುದನ್ನು ಬಿಟ್ಟು ಬಹಳ ವರ್ಷವಾಯಿತು, ಅಧ್ಯಕ್ಷರಾಗಿರುವುದರಲ್ಲೇ ಅವರಿಗೆ ಪುರುಸೊತ್ತಿಲ್ಲ. ಚಹಾ ಕುಡಿಯುವಾಗಲೂ ವೇದಿಕೆಯ ಮೇಲಿನ ಕನ್ನಡವನ್ನೇ ಮಾತಾಡುತ್ತಾರೆ.

ಈ ಸಲ ಅವರಿಗೊಂದು ಯೋಚನೆ ಬಂತು. ಚಿತ್ರಗಳ ಜೊತೆಗೆ ಎಲ್ಲರೂ ತಮ್ಮ ತಮ್ಮ ಕಡೆಯಿಂದ ಕೈಯಲ್ಲಿ ಮಾಡಿದ ಒಂದೊಂದು ವಸ್ತು ತಂದು ಇಡಬೇಕು ಎಂದರು. ಒಬ್ಬರು ಶ್ಯಾವಿಗೆ ಒತ್ತುವ ಮಣೆ ತಂದರು. ಗುಡ್ಡ ಬರೆಯುವವರು ಬುಟ್ಟಿ ತಂದರು. ನನಗೆ ನೆನಪಾದದ್ದು ಅವ್ವ ಹೊಲಿಯುತ್ತಿದ್ದ ಕೌದಿ. ಬಾದನಹಟ್ಟಿಗೆ ಹೋದೆ.

ಅವ್ವ ಹೊರಗಿನ ಕಟ್ಟೆಯ ಮೇಲೆ ಕೂತು ಅದನ್ನೇ ಹೊಲಿಯುತ್ತಿದ್ದಳು. ಹಳೆ ಸೀರೆ, ಅಪ್ಪನ ಪಂಚೆ, ನಾನು ಕೌಲ್ ಬಜಾರಿನಿಂದ ಚೀಲದಲ್ಲಿ ತಂದುಕೊಟ್ಟಿದ್ದ ಜೀನ್ಸ್ ಚೂರು, ಎಲ್ಲವೂ ಅದರಲ್ಲಿದ್ದವು. ನಡುವೆ ಒಂದು ಹಳದಿ ಚೌಕ, ಅದರ ಸುತ್ತ ನೀಲಿ, ಆ ನೀಲಿಯ ಸುತ್ತ ಯಾವ ಲೆಕ್ಕಕ್ಕೂ ಸಿಗದ ತುಂಡುಗಳು. ನೋಡಿದ ಕೂಡಲೇ ಹೊಟ್ಟೆಯಲ್ಲಿ ಏನೋ ಚುರ್ ಅಂದಿತು. ಅದು ಏನೆಂದು ಆಮೇಲೆ ಹೇಳುತ್ತೇನೆ.

"ಗ್ವಾಡಿಗಿ ಹಾಕ್ತೀರಾ?" ಎಂದಳು ಅವ್ವ. "ಗ್ವಾಡಿಗೇನು ಥಂಡಿ ಹತ್ತೈತೇನು?"

"ನೋಡಾಕ ಬೇ. ಮಂದಿ ಬಂದು ನೋಡ್ತಾರ."

"ಹೊದ್ಕೊಳ್ಳಾಕ ಹೊಲದಿದ್ದು ನೋಡಾಕ ಏನೈತಿ ಅದರಾಗ?" ಎಂದು ನಾಲ್ಕು ಹೊಲಿಗೆ ಹಾಕಿದಳು. ಆಮೇಲೆ ಸೂಜಿ ನಿಲ್ಲಿಸಿ, ನನ್ನ ಕಡೆ ನೋಡದೆ ಕೇಳಿದಳು: "ಯಾರು ಹೊಲದಾರಂತ ಬರೀತಾರೇನು?"

"ಬರೀತೀವಿ. ಎಲ್ಲಾದಕ್ಕೂ ಕೆಳಗ ಒಂದು ಚೀಟಿ ಹಚ್ತೀವಿ."

"ಅದರಾಗ ನನ್ನ ಹೆಸರು ಇರತೈತಿ?"

"ನಿಂದಲ್ದ ಇನ್ಯಾರ್ದು ಇರತೈತಿ ಬೇ?"

ಅವ್ವ ಮತ್ತೆ ಹೊಲಿಯತೊಡಗಿದಳು. ಆದರೆ ಮುಖ ಅರಳಿದ್ದು ಮುಚ್ಚಿಡಲಾಗಲಿಲ್ಲ.

ಅವ್ವನ ಹೆಸರನ್ನು ಯಾರೂ ಕರೆದದ್ದು ನಾನು ಕೇಳಿಲ್ಲ. ಗಂಡನ ಮನೆಗೆ ಬಂದ ದಿನದಿಂದ ಇಂಥವರ ಹೆಂಡತಿ, ನಾನು ಹುಟ್ಟಿದ ಮೇಲೆ ನನ್ನ ಅವ್ವ, ನನಗೆ ನೌಕರಿ ಸಿಕ್ಕ ಮೇಲೆ 'ಟೀಚರವ್ವ'. ನನ್ನ ಮದುವೆಯ ಲಗ್ನಪತ್ರಿಕೆಯಲ್ಲಿ 'ಶ್ರೀಮತಿ ಮತ್ತು ಶ್ರೀ' ಎಂದು ಹಾಕಿ ಮುಂದೆ ಅಪ್ಪನ ಹೆಸರು ಅಚ್ಚಾಗಿತ್ತು. ಆ 'ಶ್ರೀಮತಿ'ಯೇ ನಮ್ಮವ್ವ. ರೇಷನ್ ಕಾರ್ಡಿನಲ್ಲಿ ಇದೆಯಲ್ಲ ಎಂದರೆ, "ಅದು ಅಕ್ಕಿ ತರೂ ಹೆಸರು" ಎನ್ನುತ್ತಾಳೆ. ಓದು ಬರಹ ಕಲಿತವಳಲ್ಲ. ಓಣಿಯ ಮಹಿಳಾ ಸಂಘಕ್ಕೆ ಸೇರಿದಾಗ ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಹಟ ಹಿಡಿದು ಸಹಿ ಮಾಡಲು ಕಲಿತಳು. ಮೂರು ಅಕ್ಷರ. ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದು, ಪೆನ್ನನ್ನು ಸೂಜಿಯ ಹಾಗೆ ಚಿಮುಟಿ ಹಿಡಿದು, ಒಂದೊಂದು ಅಕ್ಷರವನ್ನೂ ಎಳೆಯುತ್ತಾಳೆ. ಆ ಮೂರು ಅಕ್ಷರ ಬಿಟ್ಟರೆ ಆಕೆಗೆ ಗುರುತು ಸಿಗುವುದು ಬಸ್ಸಿನ ಬೋರ್ಡು ಮಾತ್ರ.

ಕೌದಿಯನ್ನು ಅವತ್ತೇ ಕೊಡಲಿಲ್ಲ. ಮೂರು ಮೂಲೆ ಮುಗಿದಿವೆ, ನಾಲ್ಕನೆಯದು ಬಾಕಿ ಇದೆ, ನಾಡಿದ್ದು ಬಾ ಎಂದಳು. ನಮ್ಮ ಓಣಿಯಲ್ಲಿ ಒಂದು ರೂಢಿಯಿದೆ. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಚೂರು ಹೋಳಿಗೆ ಇಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದಂತೆ, ಹಸಿದ ಕೌದಿ ಹೊದ್ದರೆ ನಿದ್ದೆ ಬರುವುದಿಲ್ಲವಂತೆ. ಸಾಮಾನ್ಯವಾಗಿ ಉಗುರಿನಷ್ಟು ಚೂರು ಇಡುತ್ತಾರೆ. ನಾನು ಮತ್ತೆ ಹೋದಾಗ ಆ ಮೂಲೆ ಉಬ್ಬಿತ್ತು, ಮೇಲೆ ತುಪ್ಪದ ಕಲೆ ಮೂಡಿತ್ತು.

"ಎಷ್ಟು ಇಟ್ಟೀಯವ್ವಾ?"

"ಅರ್ಧ. ದೂರದ ಊರಿಗೆ ಹೊಂಟೈತಿ. ಅಷ್ಟು ಮಂದಿ ಮುಂದ ಹಸಗೊಂಡು ನಿಂದ್ರಬೇಕೇನು?"

ನಾನೂ ಆಕೆಯ ಮಗಳೇ. ಒಣಗುತ್ತದೆ ಬಿಡು ಎಂದುಕೊಂಡು ಚೀಲಕ್ಕೆ ತುಂಬಿದೆ.

"ನೀ ಬರ್ತೀಯೇನು ಉದ್ಘಾಟನಿಗಿ?" ಎಂದು ಕೇಳಿದೆ. "ಏ, ನನ್ನ ಮೊಣಕಾಲಿಗಿ ಮಾಳಗಿ ಹತ್ತಾಕ ಆಗತೈತೇನು?" ಎಂದಳು. ಆ ಮಾತನ್ನು ನಾನು ನಂಬಿದೆ. ಮುಂದಿನದಕ್ಕೆಲ್ಲ ಅದೇ ಕಾರಣ.

ಉದ್ಘಾಟನೆಯ ಹಿಂದಿನ ದಿನ ಎಲ್ಲವನ್ನೂ ಗೋಡೆಗೆ ತೂಗುಹಾಕಿದೆವು. ನನ್ನ ಮೆಣಸಿನಕಾಯಿಯ ಚಿತ್ರದ ಪಕ್ಕದಲ್ಲೇ ಕೌದಿಗೆ ಜಾಗ ಸಿಕ್ಕಿತು. ಚೀಟಿ ಬರೆಯುವ ಕೆಲಸ ಎಂದಿನಂತೆ ನನ್ನದು, ಅಕ್ಷರ ದುಂಡಗೆಂದು. ಒಂದೊಂದೇ ಬರೆದು ಹಚ್ಚುತ್ತ ಕೌದಿಯ ಹತ್ತಿರ ಬಂದಾಗ ಅಧ್ಯಕ್ಷರು ಹಿಂದೆ ಬಂದು ನಿಂತರು.

"ಅದ್ಭುತ! ಇದು ಯಾರದು ಮೇಡಂ?"

"ಬಾದನಹಟ್ಟಿಯಿಂದ ತಂದದ್ದು ಸರ್," ಎಂದೆ.

"ಹೆಸರು ಹಾಕಬೇಡಿ. ಜನಪದಕ್ಕೆ ಹೆಸರು ಹಾಕಿದ ಕೂಡಲೇ ಅದು ಮನೆಗೆಲಸವಾಗಿಬಿಡುತ್ತದೆ. 'ಅಜ್ಞಾತ ಕಲಾವಿದೆ' ಎಂದು ಹಾಕಿ. ಆಗ ನೋಡಿ ಅದರ ತೂಕ!"

'ಸರ್, ಅದು ನಮ್ಮವ್ವ ಹೊಲಿದದ್ದು' ಎಂದು ಹೇಳಲು ಒಂದು ಉಸಿರು ಸಾಕಿತ್ತು. ಹೇಳಲಿಲ್ಲ. ತಾಯಿ ಮಗಳು ಅಕ್ಕಪಕ್ಕ ನೇತುಹಾಕಿಕೊಂಡಿದ್ದಾರೆ, ಇದೇನು ಮನೆಯ ಕಾರ್ಯಕ್ರಮವೇ ಎಂದು ಆಡಿಕೊಳ್ಳುತ್ತಾರೆ ಎಂಬುದು ನಾನು ನನಗೇ ಕೊಟ್ಟುಕೊಂಡ ಕಾರಣ. ನಿಜ ಬೇರೆ ಇತ್ತು. ಬೆಳಿಗ್ಗೆಯಿಂದ ಮೊಳೆ ಹೊಡೆಯಲು ಬಂದವರು, ವೈರು ಎಳೆಯಲು ಬಂದವರು, ಚಹಾ ತಂದವನು, ಎಲ್ಲರೂ ಕೌದಿಯ ಮುಂದೆ ನಿಂತು ನಿಂತು ಹೋಗುತ್ತಿದ್ದರು. ಪಕ್ಕದಲ್ಲೇ ಇದ್ದ ನನ್ನ ಮೆಣಸಿನಕಾಯಿ ಯಾರ ಕಣ್ಣಿಗೂ ಖಾರವಾಗಲಿಲ್ಲ. ಎರಡು ತಿಂಗಳು ಕೂತು ಬರೆದ ಕೆಂಪು ಆ ಕೌದಿಯ ಪಕ್ಕದಲ್ಲಿ ನೀರು ಬೆರೆಸಿದ ಹಾಗೆ ಕಾಣುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗಿತ್ತು. ಹೆತ್ತ ಅವ್ವನ ಮೇಲೆ! ಥೂ ನನ್ನ ಮುಖಕ್ಕೆ.

ಹಾಗಾಗಿ ನನ್ನ ಕೈಯಿಂದಲೇ, ನನ್ನ ದುಂಡು ಅಕ್ಷರದಲ್ಲೇ, 'ಅಜ್ಞಾತ ಕಲಾವಿದೆ' ಎಂದು ಬರೆದು ಹಚ್ಚಿದೆ. ಉದ್ಘಾಟನೆ ಮುಗಿದ ಮೇಲೆ ಆ ಚೀಟಿ ಕಿತ್ತು, ಅವ್ವನ ಹೆಸರಿನದು ಹಚ್ಚಿ, ಫೋನಿನಲ್ಲಿ ಒಂದು ಫೋಟೋ ತೆಗೆದು ಊರಿಗೆ ಹೋಗಿ ತೋರಿಸಿದರಾಯಿತು ಎಂದು ಉಪಾಯವನ್ನೂ ಹೂಡಿದೆ. ಕಳ್ಳಬುದ್ಧಿಗೆ ನನ್ನಲ್ಲಿ ಎಂದೂ ಬರ ಬಂದಿಲ್ಲ.

ಆಮಂತ್ರಣದಲ್ಲಿ ಹತ್ತೂವರೆ ಎಂದಿತ್ತು. ಹನ್ನೊಂದೂವರೆಗೆ ಶುರು ಮಾಡಿದೆವು, ಅದೂ ಮುಖ್ಯ ಅತಿಥಿ ಇಲ್ಲದೆ. ಅವರು ಸಿರುಗುಪ್ಪದ ಅಕ್ಕಿ ಗಿರಣಿಯ ಸಾಹುಕಾರರು. ಕಲೆಯೆಂದರೆ ಪ್ರಾಣ, ಭಾಷಣವೆಂದರೆ ಎರಡು ಪ್ರಾಣ. ದಾರಿಯಲ್ಲಿದ್ದೇವೆ ಎಂದು ಫೋನು ಬರುತ್ತಲೇ ಇತ್ತು. ನಿರೂಪಣೆ ನನ್ನದಾದ್ದರಿಂದ ನಾನು ಮೈಕಿಗೆ ಅಂಟಿಕೊಂಡಿದ್ದೆ. ಪ್ರಾರ್ಥನೆ ಆಯಿತು. ದೀಪ ಹತ್ತಲಿಲ್ಲ. "ಫ್ಯಾನ್ ಬಂದ್ ಮಾಡ್ರೀ" ಎಂದರು. ದೀಪ ಹತ್ತಿತು, ಜನ ಬೆವೆತರು. "ಫ್ಯಾನ್ ಹಚ್ರೀ" ಎಂದರು, ದೀಪ ಆರಿತು.

ಆಗ ಬಾಗಿಲಲ್ಲಿ ಸೀರೆಗಳು ಕಂಡವು.

ಮೊದಲು ಅವ್ವ. ಪೆಟ್ಟಿಗೆಯಿಂದ ಹಬ್ಬಕ್ಕೆ ಮಾತ್ರ ಹೊರಬರುವ ಇಳಕಲ್ ಸೀರೆ ಉಟ್ಟು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಆಕೆಯ ಹಿಂದೆ ನಮ್ಮ ಓಣಿಯ ಎಂಟು ಹೆಂಗಸರು. ಎಲ್ಲರೂ ಒಂದೇ ಟಂಟಂ ಆಟೋದಲ್ಲಿ ಬಂದಿದ್ದರು. ಗುಡಿಗೆ ಬಂದವರಂತೆ ಚಪ್ಪಲಿಗಳನ್ನು ಬಾಗಿಲಲ್ಲೇ ಸಾಲಾಗಿ ಬಿಟ್ಟು ಒಳಗೆ ಬಂದರು. ಕೈಯಲ್ಲಿದ್ದ ಮೈಕಿನಲ್ಲಿ ನಾನು ಏನು ಹೇಳುತ್ತಿದ್ದೆ ಎಂಬುದು ಮರೆತುಹೋಯಿತು.

ಎದುರು ಮನೆಯ ಚಿಗವ್ವ ಸೀದಾ ವೇದಿಕೆಯ ಬದಿಗೇ ಬಂದಳು. ಓಣಿಯ ಸುದ್ದಿಯೆಲ್ಲ ಈಕೆಯ ಬಾಯಿಂದಲೇ ಹೊರಡುವುದು. ನಾನು ಅವಸರದಿಂದ ಮೈಕಿನ ಬಾಯಿ ಮುಚ್ಚಿದೆ.

"ಎಲ್ಲೈತಿ ಬೇ ನಿಮ್ಮವ್ವನ ಹೆಸರು? ಮೂರು ದಿನದಿಂದ ಒಂದ ಸವನ ಹೇಳಾಕ ಹತ್ಯಾಳ. ಬಳ್ಳಾರ್ಯಾಗ ಗ್ವಾಡಿ ಮ್ಯಾಲೆ ನನ್ನ ಹೆಸರು ಬರದಾರ, ಬರ್ರಿ ತೋರಸ್ತೀನಿ ಅಂತ. ಹತ್ತಿ ಬಿಡ್ಸೂದು ಬಿಟ್ಟು ಬಂದೀವಿ ನೋಡು."

ಕೌದಿ ಇದ್ದದ್ದು ಸಭಾಂಗಣದ ಆ ತುದಿಯ ಗೋಡೆಯ ಮೇಲೆ. ಇವರು ಇನ್ನೂ ಈ ತುದಿಯಲ್ಲಿದ್ದರು.

"ಚಿಗವ್ವಾ, ಮೊದಲು ಕುಂದರ್ರಿ. ಸಾಹುಕಾರ ಬರೂತನ ಆ ಕಡಿ ಯಾರೂ ಹೋಗಂಗಿಲ್ಲ. ಇಲ್ಲಿ ಅದ ಕಾಯ್ದೆ," ಎಂದೆ. "ಮಿರ್ಚಿ ಬಿಸಿ ಅದಾವ, ತಿನ್ನಾಕ ಹತ್ರಿ."

ಯಾವ ಕಾಯ್ದೆ? ಅಲ್ಲೇ ಹುಟ್ಟಿದ ಕಾಯ್ದೆ. ಒಂಬತ್ತು ಮಂದಿಯೂ ಪಾಪ, ನಂಬಿ ಹಿಂದಿನ ಕುರ್ಚಿಗಳ ಕಡೆ ಹೋದರು. ಹೋಗುವ ದಾರಿಯಲ್ಲಿ ಈ ಗೋಡೆಯ ಚಿತ್ರಗಳನ್ನು ನೋಡುತ್ತ ಹೋದರು, ಬೆರಳಿನಿಂದ ಮುಟ್ಟುತ್ತ ಹೋದರು. ನಮ್ಮ ಉದ್ಘಾಟನೆಗಳ ಇತಿಹಾಸದಲ್ಲೇ ಚಿತ್ರಗಳನ್ನು ಮೊದಲು ನೋಡಿದವರು ಅವರೇ ಇರಬೇಕು. ಚಿಗವ್ವ ಗುಡ್ಡದ ಚಿತ್ರದ ಮುಂದೆ ನಿಂತಳು.

"ಗುಡ್ಡ ನೀಲಿ ಯಾಕೈತ್ರಿ?"

ಗುಡ್ಡದವರು ಪಕ್ಕದಲ್ಲೇ ಇದ್ದರು. ಎದೆಯ ಮೇಲೆ ಕೈಯಿಟ್ಟುಕೊಂಡು, "ಅದು ನನ್ನೊಳಗಿನ ನೋವು ತಾಯಿ," ಎಂದರು.

"ಎಷ್ಟು ದಿನಾತು? ಡಾಕ್ಟರಿಗಿ ತೋರಿಸ್ರಿ ಮತ್ತ," ಎಂದು ಚಿಗವ್ವ ಮುಂದೆ ಹೋದಳು.

ನಾನು ಒಂದೇ ತೀರ್ಮಾನಕ್ಕೆ ಬಂದೆ. ಆ ಚೀಟಿಯನ್ನು ಕಿತ್ತುಹಾಕಬೇಕು. ಹೆಸರು ಆಮೇಲೆ, ಮೊದಲು ಅದು ಅಲ್ಲಿರಬಾರದು. "ಈಗ ಅಧ್ಯಕ್ಷರು ಎರಡು ಮಾತು ಆಡುತ್ತಾರೆ," ಎಂದು ಮೈಕನ್ನು ಅವರ ಕೈಗಿಟ್ಟೆ. ಅವರ ಎರಡು ಮಾತಿನಲ್ಲಿ ಕುರುಗೋಡಿಗೆ ಹೋಗಿ ಬರಬಹುದು. ಗೋಡೆಗೆ ಅಂಟಿಕೊಂಡು, ಕುರ್ಚಿಗಳ ಹಿಂದಿನಿಂದ ಜಾರುತ್ತ ಕೌದಿಯ ಹತ್ತಿರ ಹೋದೆ.

ಹೋಗಿ ನೋಡಿದರೆ ಇರುವೆ!

ಒಂದೆರಡಲ್ಲ. ಕಿಟಕಿಯ ಕಟ್ಟೆಯಿಂದ ಹೊರಟ ಸಾಲು ಬಿಳಿ ಗೋಡೆಯನ್ನು ಅಡ್ಡ ಹಾಯ್ದು, ನನ್ನ ಮೆಣಸಿನಕಾಯಿಯ ಚೌಕಟ್ಟನ್ನು ಬಳಸಿ, ಕೌದಿಯ ಆ ಉಬ್ಬಿದ ಮೂಲೆಗೆ ಬಂದು ಸೇರಿತ್ತು. ಹೋಗುವ ಸಾಲು, ಬರುವ ಸಾಲು ಎರಡೂ ನಡೆದಿದ್ದವು. ಮರಳುವ ಪ್ರತಿಯೊಂದರ ಬಾಯಲ್ಲೂ ಹೋಳಿಗೆಯ ಹೂರಣ. ಇಡೀ ಗ್ಯಾಲರಿಯಲ್ಲಿ ಆ ಹೊತ್ತು ಒಳ್ಳೆಯ ಊಟ ಸಿಗುತ್ತಿದ್ದದ್ದು ಅವಕ್ಕೇ.

ಇರುವೆ ಹಾಳಾಗಲಿ ಎಂದು ಚೀಟಿಗೆ ಕೈ ಹಾಕಿದೆ. ಎರಡೂ ಕಡೆ ಅಂಟಿರುವ ಟೇಪು ಹಚ್ಚಿದವಳು ನಾನೇ ಅಲ್ಲವೇ, ಬರಲಿಲ್ಲ. ಉಗುರಿನಿಂದ ಒಂದು ಮೂಲೆ ಎಬ್ಬಿಸುವಷ್ಟರಲ್ಲಿ ಹಿಂದೆ ಗದ್ದಲ ಕೇಳಿಸಿತು. ಸಾಹುಕಾರರು ಬಂದೇಬಿಟ್ಟರು. ಹಾರ ಹಿಡಿದವರು, ಫೋಟೋ ತೆಗೆಯುವವರು, ಜೊತೆಗೆ ಅವರ ಶ್ರೀಮತಿ. ಆಯಮ್ಮನ ಕಣ್ಣು ಚುರುಕು. ಬಾಗಿಲಿನಿಂದಲೇ ಗೋಡೆಯ ಮೇಲಿನ ಕರಿ ಸಾಲನ್ನು ಕಂಡು ತೆಲುಗಿನಲ್ಲಿ, "ಅಯ್ಯೋ, ಚೀಮಲು! ಚೀಮಲು!" ಎಂದು ಕೂಗಿದರು. ಇರುವೆ ಎಂದು ಎಲ್ಲರಿಗೂ ತಿಳಿಯಿತು. ವೇದಿಕೆಯ ಕಡೆ ಹೋಗಬೇಕಾಗಿದ್ದ ಮೆರವಣಿಗೆ ನನ್ನ ಕಡೆ ತಿರುಗಿತು. ನಾನು ಚೀಟಿಗೆ ಬೆನ್ನು ಕೊಟ್ಟು ನಿಂತೆ.

"ಇದೇನ್ರಿ ಇದು?" ಎಂದರು ಸಾಹುಕಾರರು, ಸಾಲನ್ನು ತೋರಿಸುತ್ತ. "ಇರಬಿನೂ ಇದರಾಗ ಸೇರ್ಯಾವೇನು?"

ಅಧ್ಯಕ್ಷರು ಮೈಕಿನ ಸಮೇತ ಓಡಿ ಬಂದಿದ್ದರು. ಒಂದು ಕ್ಷಣವೂ ತಡೆಯಲಿಲ್ಲ. "ಹೌದು ಸರ್. ಅದು ಉದ್ದೇಶಪೂರ್ವಕ. ಶ್ರಮದ ಸಂಕೇತ."

ಫೋಟೋದವರು ಇರುವೆಗಳ ಮೇಲೆ ಮುಗಿಬಿದ್ದರು. ಜನರೆಲ್ಲ ಕುರ್ಚಿ ಬಿಟ್ಟು ಎದ್ದು ಸುತ್ತ ನಿಂತರು. ಅಧ್ಯಕ್ಷರು, "ಮೇಡಂ, ಸ್ವಲ್ಪ ಪಕ್ಕಕ್ಕೆ ಬನ್ನಿ, ಸರ್‌ಗೆ ಕಾಣಿಸುತ್ತಿಲ್ಲ," ಎಂದರು. ನಾನು ಕೇಳಿಸದವಳಂತೆ ನಿಂತೆ. "ಮೇಡಂ!" ಎಂದರು. ಸರಿದೆ. ಇನ್ನೇನು ಮಾಡಲಿ?

ಸಾಹುಕಾರರು ಕನ್ನಡಕ ಹಾಕಿಕೊಂಡು ಚೀಟಿಯನ್ನು ಗಟ್ಟಿಯಾಗಿ ಓದಿದರು. "ಅಜ್ಞಾತ ಕಲಾವಿದೆ." ಆಮೇಲೆ ಕೈ ಚಾಚಿದರು. ಅಧ್ಯಕ್ಷರು ಆ ಕೈಯಲ್ಲಿ ಮೈಕು ಇಟ್ಟರು. ಕೆಳಗಿನ ಅಂಗಡಿಯಲ್ಲಿ ಕಾಜಾ ಮಶೀನು ಶುರುವಾಯಿತು.

"ಬಂಧುಗಳೇ, ಯಾರು ಈ ತಾಯಿ? ಎಲ್ಲಿಯವಳು? ಯಾವ ಹಟ್ಟಿಯ ಯಾವ ದೀಪದ ಬೆಳಕಿನಲ್ಲಿ ಕೂತು ಇದನ್ನು ಹೊಲಿದಳು? ಅವಳು ಇಂದು ನಮ್ಮ ನಡುವೆ ಇದ್ದಾಳೋ, ಇಲ್ಲವೋ! ಕಾಲ ಅವಳ ಹೆಸರನ್ನು ಒರೆಸಿಹಾಕಿದೆ. ಅವಳು ಮಣ್ಣಲ್ಲಿ ಮಣ್ಣಾಗಿ ಹೋಗಿದ್ದಾಳೆ…"

ಗುಂಪಿನ ಹಿಂದಿನಿಂದ ಚಿಗವ್ವನ ದನಿ ಎದ್ದಿತು. "ಅಕ್ಕಾ! ನಿನ್ನ ಕೌದಿ ಮುಂದ ನಿಂತು ನೀ ಸತ್ತೀ ಅನ್ನಾಕ ಹತ್ಯಾನಲ್ಲ ಈ ಮನಷ್ಯಾ!"

ಜನ ಎರಡು ಪಾಲಾಗಿ ದಾರಿ ಬಿಟ್ಟರು. ಅಲ್ಲಿ ಅವ್ವ ನಿಂತಿದ್ದಳು. ಒಂದು ಕೈಯಲ್ಲಿ ಮಂಡಕ್ಕಿಯ ತಟ್ಟೆ, ಇನ್ನೊಂದು ಕೈಯಲ್ಲಿ ಅರ್ಧ ಕಚ್ಚಿದ ಮಿರ್ಚಿ.

"ಅದೀನ್ರಿ ಯಪ್ಪಾ," ಎಂದಳು. "ಇಲ್ಲೇ ಅದೀನಿ. ಸತ್ತಿಲ್ಲರಿ."

ನಗು ಮಾಳಿಗೆಯ ತಗಡಿಗೆ ಬಡಿಯಿತು. ಸಾಹುಕಾರರ ಶ್ರೀಮತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕುಲುಕಾಡಿ ನಕ್ಕರು. ಅವ್ವನಿಗೆ ಹುರುಪು ಬಂತು. "ಇರಬಿ ಸಂಕೇತ ಅಲ್ಲರಿ. ಒಳಗ ಹೋಳಿಗಿ ಐತಿ, ಅದಕ್ಕ ಬಂದಾವ. ತಪ್ಪು ನಂದ, ತುಪ್ಪ ಜಾಸ್ತಿ ಹಾಕಿದ್ದೆ," ಎಂದಳು. ಅಧ್ಯಕ್ಷರು ತಮ್ಮ ಚಪ್ಪಲಿಯ ಕಡೆ ನೋಡತೊಡಗಿದರು.

ಸಾಹುಕಾರರು ದೊಡ್ಡ ಮನುಷ್ಯರು, ತಾವೂ ನಕ್ಕರು. ಹತ್ತಿರ ಹೋಗಿ ಮೈಕನ್ನು ಅವ್ವನ ಮುಂದೆ ಹಿಡಿದು ಕೇಳಿದರು. "ತಪ್ಪಾತು ತಾಯಿ. ಮತ್ತ ಇಲ್ಲಿ ನಿಮ್ಮ ಹೆಸರು ಯಾಕ ಹಾಕಿಲ್ಲ?"

ಅವ್ವ ಚೀಟಿಯ ಕಡೆ ನೋಡಿದಳು. ಓದಲು ಬಾರದಿದ್ದರೂ ತನ್ನ ಮೂರು ಅಕ್ಷರ ಗೊತ್ತಲ್ಲ. ಅಲ್ಲಿ ಉದ್ದಕ್ಕೆ ಏನೇನೋ ಇದ್ದವು, ಆ ಮೂರು ಇರಲಿಲ್ಲ. ಬರೆದವರು ಯಾರೆಂಬುದೂ ತಿಳಿಯಿತು. ನನ್ನ ಅಕ್ಷರವನ್ನು ಆಕೆ ಎಲ್ಲಿದ್ದರೂ ಗುರುತಿಸುತ್ತಾಳೆ. ನನ್ನ ಶಾಲೆಯ ವಹಿಗಳನ್ನು ಇಂದಿಗೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ. ಆಮೇಲೆ ನನ್ನ ಕಡೆ ನೋಡಿದಳು. ನಾನು ಕಣ್ಣು ತಪ್ಪಿಸಿದೆ.

"ನಾನ ಬ್ಯಾಡ ಅಂದಿದ್ದೇರಿ," ಎಂದಳು ಅವ್ವ ಮೈಕಿಗೆ. "ಬರೀತೀವಿ ಬರೀತೀವಿ ಅಂದ್ರು. ನಾನ ಬಿಡ್ರಿ ಅಂದೆ."

"ಕೇಳಿದಿರಾ?" ಎಂದು ಸಾಹುಕಾರರು ಸಭೆಯ ಕಡೆ ತಿರುಗಿದರು. "ಹೆಸರಿನ ಆಸೆ ಇಲ್ಲ! ಇದು ನಮ್ಮ ಹಳ್ಳಿ! ಇವರು ನಮ್ಮ ತಾಯಂದಿರು!" ತಮಗೆ ಹೊದಿಸಲು ತಂದಿದ್ದ ಶಾಲನ್ನು ಕೇಳಿ ತೆಗೆದುಕೊಂಡು ಅವ್ವನಿಗೆ ಹೊದಿಸಿದರು. ಚಪ್ಪಾಳೆ, ಫೋಟೋ. ಅವ್ವ ಶಾಲಿನ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು. ಬಟ್ಟೆ ಕೈಗೆ ಬಂದರೆ ಆಕೆಗೆ ಬೇರೇನೂ ನೆನಪಿರುವುದಿಲ್ಲ ಎಂದು ನೋಡಿದವರಿಗೆ ಅನ್ನಿಸಿರಬೇಕು.

ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಂದರು. "ಒಳ್ಳೆಯ ಏರ್ಪಾಡು ಮೇಡಂ! ಈ ಅಜ್ಜಿ ನಿಮಗೆ ಎಲ್ಲಿ ಸಿಕ್ಕರು?"

"ನಮ್ಮವ್ವ ಸರ್," ಎಂದೆ.

ಅವರು ಚೀಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಸಾಹುಕಾರರ ಮೈಕು ಸರಿಯಿದೆಯೇ ಎಂದು ನೋಡಲು ಹೋದರು.

ಸಾಹುಕಾರರನ್ನು ವೇದಿಕೆಗೆ ಕರೆದೊಯ್ದರು. ಜನ ಮತ್ತೆ ಕುರ್ಚಿಗಳ ಕಡೆ, ಮಿರ್ಚಿಯ ಕಡೆ ಹೋದರು. ಕೌದಿಯ ಮುಂದೆ ಉಳಿದದ್ದು ಓಣಿಯ ಹೆಂಗಸರು ಮತ್ತು ನಾನು. ಚಿಗವ್ವ ಸೊಂಟದ ಮೇಲೆ ಕೈಯಿಟ್ಟಳು.

"ಅಲ್ಲಕ್ಕಾ, ಹೆಸರು ಬರದಾರಂತ ನಮ್ಮನ್ನ ಇಲ್ಲಿತನ ಎಳಕೊಂಡು ಬಂದಿ. ಈಗ ನೋಡಿದ್ರ ನಾನ ಬ್ಯಾಡ ಅಂದಿದ್ದೆ ಅಂತಿ. ಯಾವ್ದು ಖರೆ?"

ಅವ್ವ ನಕ್ಕಳು. ಅದು ಆಕೆಯ ನಗುವಾಗಿರಲಿಲ್ಲ. "ಮರತಿದ್ನೆವ್ವಾ. ಬ್ಯಾಡ ಅಂದಿದ್ದು ಮರತಬಿಟ್ಟಿದ್ದೆ. ವಯಸ್ಸಾತಲ್ಲ," ಎಂದಳು. ಶಾಲನ್ನು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದಳು.

ಅವ್ವ ಮೈಕಿನ ಮುಂದೆ ಹೇಳಿದ ಸುಳ್ಳನ್ನು ಹೇಗೋ ನುಂಗಿಕೊಂಡಿದ್ದೆ. ಇದನ್ನು ನುಂಗಲಾಗಲಿಲ್ಲ. ನಾಳೆಯಿಂದ ಓಣಿಯಲ್ಲಿ ಆಕೆ ಬಡಾಯಿ ಕೊಚ್ಚುವವಳಾಗುತ್ತಾಳೆ, ಮರೆಗುಳಿ ಮುದುಕಿಯಾಗುತ್ತಾಳೆ, ಅದೂ ನನ್ನ ಮಾನ ಉಳಿಸಲು.

"ಸುಳ್ಳು ಚಿಗವ್ವಾ," ಎಂದೆ. "ಅವ್ವ ಬ್ಯಾಡ ಅಂದಿಲ್ಲ. ಬರಿ ಅಂದಿದ್ಲು. ನಾನ ಬರೀಲಿಲ್ಲ. ಆಕೀ ಕೌದಿ ನನ್ನ ಚಿತ್ರಕ್ಕಿಂತ ಚಂದ ಐತಿ, ಅದಕ್ಕ ನನ್ನ ಹೊಟ್ಟಿ ಉರೀತು."

ಚಿಗವ್ವ ಕೌದಿ ನೋಡಿದಳು, ಪಕ್ಕದ ನನ್ನ ಚಿತ್ರ ನೋಡಿದಳು. "ಚಂದ ಐತಿ ಅಂಬೂದೇನೋ ಖರೆ ಐತಿ ಬಿಡು," ಎಂದಳು. "ಈ ಮೆಣಸಿನಕಾಯಿಗಿ ತೊಟ್ಟ ಇಲ್ಲ."

ಚೀಲದಿಂದ ಖಾಲಿ ಚೀಟಿ ಮತ್ತು ಪೆನ್ನು ತೆಗೆದು ಅಲ್ಲೇ ನೆಲದ ಮೇಲೆ ಕೂತೆ. ಇಪ್ಪತ್ತು ವರ್ಷದಿಂದ ಯಾರ್ಯಾರ ಹೆಸರನ್ನೋ ಬರೆದಿದ್ದೇನೆ. ಗೆದ್ದ ಮಕ್ಕಳ ಪ್ರಮಾಣಪತ್ರ, ನಿವೃತ್ತರಾದವರ ಬಿನ್ನವತ್ತಳೆ, ಮದುವೆ ಮಂಟಪದ ಬೋರ್ಡು. ನಮ್ಮ ಅಧ್ಯಕ್ಷರ ಹೆಸರನ್ನು ಬಂಗಾರದ ಬಣ್ಣದಲ್ಲಿ ಬರೆದಿದ್ದೇನೆ. ಈ ಮೂರು ಅಕ್ಷರವನ್ನು ಹೀಗೆ ಅಂದವಾಗಿ ಒಮ್ಮೆಯೂ ಬರೆದಿರಲಿಲ್ಲ. ಮೊದಲನೆಯ ಚೀಟಿ ಕೆಟ್ಟಿತು. ಎರಡನೆಯದರಲ್ಲಿ ಬಂತು. ಹಳೆಯದನ್ನು ಸುಣ್ಣದ ಸಮೇತ ಕಿತ್ತು ಹೊಸದನ್ನು ಹಚ್ಚಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಗೋಡೆಯ ಮೇಲಿದೆ, ನೋಡಬೇಕೆನ್ನುವವರು ಮಾಳಿಗೆ ಹತ್ತಿ ಬರಲಿ.

ಅವ್ವ ಗೋಡೆಯ ಹತ್ತಿರ ಬಂದಳು. ಮಿರ್ಚಿಯ ಎಣ್ಣೆಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು, ಮೊದಲ ಅಕ್ಷರದ ಕೆಳಗೆ ಬೆರಳಿಟ್ಟಳು. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು. ಮತ್ತೆ ಮೊದಲಿನಿಂದ ಬಂದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಇದು ನಂದೇನು?" ಎಂದಳು.

"ಹೂಂ ಬೇ."

"ನಾ ಬರದ್ರ ಸೊಟ್ಟ ಬರತೈತಿ," ಎಂದಳು ಅವ್ವ, ಬೆರಳು ತೆಗೆಯದೆ. "ನನ್ನ ಹೆಸರ ಸೊಟ್ಟ ಐತಿ ಅಂತ ತಿಳಕೊಂಡಿದ್ದೆ."

ಸಾಹುಕಾರರ ಭಾಷಣ ಮುಗಿದಿತ್ತು. ವೇದಿಕೆಯಿಂದ ಅಧ್ಯಕ್ಷರು ವಂದನಾರ್ಪಣೆಗೆ ನನ್ನ ಹೆಸರು ಕೂಗುತ್ತಿದ್ದರು, ಎರಡು ಸಲ, ಮೂರು ಸಲ. ಚಿಗವ್ವ ಅವ್ವನ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಸೀರೆ ಮಡಚಿಕೊಂಡು ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

"ಸರಿಯಕ್ಕಾ ಅತ್ಲಾಗ," ಎಂದಳು. "ಈಗ ನಂದು ಬರೀಲಿ."

ಆಕೆಯ ಹಿಂದೆ ಉಳಿದ ಏಳೂ ಹೆಂಗಸರು ಬಂದು ನಿಂತರು. ವಂದನಾರ್ಪಣೆ ಅವತ್ತು ನಡೆಯಲೇ ಇಲ್ಲ.